ಬುತ್ತಿಯ ಜೊತೆಗೊಂದು ಜಗಳ

ಪಕ್ಕದ ಮನೆಯ ಸುಜಾತಾ ನಿನ್ನೆ ಸಂಜೆ ಹೊಸ ಚಪ್ಪಲಿ ತೋರಿಸಲು ಬಂದಿದ್ದಳು. ಯುಗಾದಿಗೆ ಶ್ರೀಶೈಲಕ್ಕೆ ನಡೆದೇ ಹೋಗುತ್ತಾಳಂತೆ. ಚಪ್ಪಲಿಗಳು ಎಷ್ಟು ಮಿಂಚುತ್ತಿದ್ದವೆಂದರೆ ಅವನ್ನು ಕಾಲಿಗೆ ಹಾಕುವುದೋ ಗೋಡೆಗೆ ತೂಗುಹಾಕುವುದೋ ನನಗೆ ತಿಳಿಯಲಿಲ್ಲ.

"ಅಜ್ಜಿ, ನೀವು ನಡದು ಹೋಗಿ ಬಂದವರಲ್ರಿ. ಏನೇನ್ ತಗೊಂಡು ಹೋಗಬೇಕು ಹೇಳ್ರಿ," ಎಂದಳು.

"ಮೊದಲ ಈ ಚಪ್ಪಲಿ ಮನ್ಯಾಗ ಬಿಟ್ಟು ಹೋಗು. ಆಮ್ಯಾಲ, ಜಗಳ ಆಡಲಿಕ್ಕ ಬರೋ ಅಂಥ ಒಬ್ಬರನ್ನ ಜೊತಿಗಿ ಕರಕೊಂಡು ಹೋಗು," ಎಂದೆ.

ಹುಡುಗಿ ನಕ್ಕು ಹೋಗಿಬಿಟ್ಟಳು. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಎಂದುಕೊಳ್ಳಲಿ. ಆದರೆ ಅವಳು ಹೋದದ್ದೇ ತಡ, ನನ್ನ ಅಂಗಾಲು ಕಡಿಯತೊಡಗಿತು. ಈ ವಯಸ್ಸಿನಲ್ಲೂ ಯುಗಾದಿ ಹತ್ತಿರ ಬಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಸುಜಾತಾ ಕೇಳದೆ ಹೋದದ್ದನ್ನು ನೀವಾದರೂ ಕೇಳಿರಿ. ಕುಂತು ಕೇಳಿರಿ, ಮಾತು ಅಡ್ಡದಾರಿ ಹಿಡಿಯುವುದುಂಟು.

ಹಳೆಯ ಚಪ್ಪಲಿಯೇ ದಾರಿಗೆ ಲೇಸು. ಹೊರಡುವ ಮುಂಚೆ ಅದನ್ನು ಔಡಲೆಣ್ಣೆಯಲ್ಲಿ ನೆನೆಸಿ ನೆರಳಲ್ಲಿ ಒಣಗಿಸಬೇಕು. ಸೀರೆಯೂ ಹಳೆಯದೇ ಇರಲಿ, ಹೊಸ ಸೀರೆಯ ಗಂಜಿ ತೊಡೆ ಸುಲಿಯುತ್ತದೆ. ಕಾಲಿಗೆ ಬೊಬ್ಬೆ ಬಂದರೆ ಒಡೆಯಬಾರದು; ಎಣ್ಣೆಯ ದಾರವನ್ನು ಸೂಜಿಯಿಂದ ಈಚೆಯಿಂದ ಆಚೆ ಪೋಣಿಸಿ ದಾರವನ್ನು ಅಲ್ಲೇ ಬಿಡಬೇಕು, ನೀರು ತಾನೇ ಇಳಿಯುತ್ತದೆ. ಬಿಸಿಲಿನಿಂದ ಬಂದವರು ಗಟಗಟ ನೀರು ಕುಡಿಯದೆ ಮೊದಲು ಬೆಲ್ಲದ ಚೂರು ಕಚ್ಚಬೇಕು. ಸೆರಗಿನ ತುದಿಯಲ್ಲಿ ಒಂದು ಉಳ್ಳಾಗಡ್ಡಿ ಕಟ್ಟಿಕೊಂಡಿರಬೇಕು. ಉಳ್ಳಾಗಡ್ಡಿ ಬಿಸಿಲು ಹೀರುತ್ತದೆ ಎನ್ನುತ್ತಿದ್ದರು. ನಾನಂತೂ ಹಸಿವಾದಾಗ ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದುಬಿಡುತ್ತಿದ್ದೆ.

ಇನ್ನು ರೀತಿ ರಿವಾಜು. ಉಣ್ಣಲು ಕರೆದವರ ಮನೆಯಲ್ಲಿ "ಏನು ಮಾಡೀರಿ?" ಎಂದು ಕೇಳುವಂತಿಲ್ಲ. ಮಲಗಿದ ಜಾಗವನ್ನು ಬೆಳಿಗ್ಗೆ ನಾವೇ ಗುಡಿಸಿ ಬಿಡಬೇಕು. "ಇನ್ನ ಎಷ್ಟು ದೂರ?" ಎಂದು ಯಾರನ್ನೂ ಕೇಳಬಾರದು. ಅಪ್ಪಿತಪ್ಪಿ ಯಾರಾದರೂ ಕೇಳಿದರೆ ಉಳಿದವರೆಲ್ಲ ಒಟ್ಟಿಗೆ "ಬಂತು!" ಎನ್ನಬೇಕು. ನಮ್ಮೂರು ದಂಡೋತಿ ಬಿಟ್ಟು ಕಾಗಿಣಾ ಹೊಳೆಯ ದಂಡೆ ಏರುವಷ್ಟರಲ್ಲೇ, ಹಿಂದೆ ನಮ್ಮ ಮನೆಯ ಬೇವಿನ ಮರ ಇನ್ನೂ ಕಾಣುತ್ತಿರುವಾಗಲೇ, ನಾನು ಕೇಳಿದ್ದೆ. ಎಲ್ಲರೂ "ಬಂತು!" ಎಂದು ಕೂಗಿದರು. ನನಗೆ ಎಂಥ ಖುಷಿಯಾಗಿತ್ತೆಂದರೆ ಶ್ರೀಶೈಲ ನಿಜವಾಗಿಯೂ ಬಂದೇಬಿಟ್ಟಿತು ಅನ್ನಿಸಿತ್ತು.

ಇದು ನಿಜಾಮರ ಕಾಲದ ಮಾತು. ನನಗೆ ಆಗ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಹೊಳೆಗೆ ಹೋಗಿ ನೀರು ತರುವುದರಲ್ಲಿ ನನ್ನಷ್ಟು ಜೋರು ಯಾರೂ ಇರಲಿಲ್ಲ. ಆ ಸೊಕ್ಕು ನನ್ನ ಕಾಲಲ್ಲೂ ಇತ್ತು, ಮೂಗಿನ ಮೇಲೂ ಇತ್ತು. ಅಂಥ ನನ್ನನ್ನು ನೀಲಮ್ಮತ್ತೆಯ ಜೊತೆ ಕಳಿಸಿದರು.

ನೀಲಮ್ಮತ್ತೆ ನನ್ನ ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವಳು. ದಪ್ಪ ಮೈ, ನೋವಿನ ಮೊಣಕಾಲು, ಅವೆರಡನ್ನೂ ಮರೆಸುವಂಥ ಕಂಠ. ಈಚೆ ದಂಡೆಯಲ್ಲಿ ನಿಂತು ಆಕೆ ಕೂಗಿದರೆ ಕಾಗಿಣಾದ ಆಚೆ ದಂಡೆಯ ಎಮ್ಮೆಗಳು ತಲೆ ಎತ್ತುತ್ತಿದ್ದವು. ಅಪ್ಪ ಸಣ್ಣವನಿದ್ದಾಗ ಊರಿಗೆ ಪ್ಲೇಗು ಬಂತಂತೆ, ಅಪ್ಪನಿಗೂ ಗಡ್ಡೆ ಎದ್ದಿತಂತೆ. ಆಗ ಈ ಅಕ್ಕ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಳು. ತಮ್ಮ ಉಳಿದ. ಹರಕೆಯೂ ಉಳಿಯಿತು. ಎರಡು ಸಲ ಹೊರಟವಳು ಎರಡು ಸಲವೂ ಮೊಣಕಾಲು ಬಾತು ಸೇಡಂನಿಂದ ಹಿಂದಿರುಗಿದ್ದಳು. "ನೀಲಮ್ಮನ ಮಲ್ಲಯ್ಯ ಸೇಡಂದಾಗೇ ಇರ್ತಾನ" ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಪ್ಪನಿಗೆ ಮೀಸೆ ಬಂದು, ಮಕ್ಕಳಾಗಿ, ಮಗಳ ಮದುವೆಯೂ ಆಯಿತು. ಆದರೂ ಆತ ಒಮ್ಮೆ ಸೀನಿದರೆ ಸಾಕು, ಅತ್ತೆ ಮಾಡುವ ಕೆಲಸ ಬಿಟ್ಟು ಆಗ್ನೇಯ ಮೂಲೆಗೆ, ಶ್ರೀಶೈಲದ ದಿಕ್ಕಿಗೆ ತಿರುಗಿ ಕೈ ಮುಗಿದು "ಬರ್ತೀನೋ ಯಪ್ಪಾ, ಜರಾ ತಡಿ" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಅಪ್ಪನಿಗೆ ನೆಗಡಿಯಾದರೆ ಅಂದು ಮನೆಯಲ್ಲಿ ರೊಟ್ಟಿ ಹೊತ್ತುವುದು ಖಂಡಿತ.

"ಈ ಸಲ ಆಗಲಿಲ್ಲಂದ್ರ ನನ್ನ ಕಡಿಂದ ಇನ್ನ ಆಗೂದಿಲ್ಲ," ಎಂದು ಹೇಳಿಯೇ ಆ ವರ್ಷ ಮನೆ ಬಿಟ್ಟಿದ್ದಳು.

ನಮ್ಮ ತಂಡ ಸಣ್ಣದು. ಹಿರಿಯ ಚನ್ನಬಸಪ್ಪಜ್ಜ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅಂದರೆ ದೇವರ ಕಾವಡಿ, ಹೊತ್ತು ನಡೆಯುತ್ತಿದ್ದ. ಆತ ಹೇಳಿದ್ದೇ ಕಾಯಿದೆ. ಆ ಕಾಯಿದೆಗಳಲ್ಲಿ ನನಗೆ ಹಿಡಿಸದೆ ಇದ್ದದ್ದು ಒಂದೇ: ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಅವರ ಕೈಗೆ ಗೆಜ್ಜೆ ಕಟ್ಟಿದ ಕೋಲು ಕೊಡುತ್ತಾರೆ. ಆ ಕೋಲನ್ನು ದಾಟಿ ಯಾರೂ ಒಂದು ಹೆಜ್ಜೆಯೂ ಇಡುವಂತಿಲ್ಲ. ನಿಧಾನದವರನ್ನು ಹಿಂದೆ ಬಿಟ್ಟರೆ ಅಲ್ಲವೇ ಅವರು ಹಿಂದೆ ಉಳಿಯುವುದು! ಊರು ಬಂದರೆ ಮೊದಲ ನೀರು, ಮೊದಲ ಎಲೆ, ಮೊದಲ ಶರಣು ಎಲ್ಲವೂ ಕೋಲಿನವರಿಗೆ. ಕೋಲು ಯಾರ ಕೈಯಲ್ಲಿತ್ತೆಂದು ಹೇಳಬೇಕಾಗಿಲ್ಲ. ಅತ್ತೆ ರಾಣಿಯ ಹಾಗೆ ಮುಂದೆ, ಹಾರುವ ಕಾಲಿನ ನಾನು ಆಕೆಯ ಬೆನ್ನ ಹಿಂದೆ. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೊಂದು ಹೆಜ್ಜೆ. ನನಗೆ ಅಳುವೇ ಬರುತ್ತಿತ್ತು.

ನನ್ನ ಹೊಟ್ಟೆಯುರಿ ಹಾಗಿರಲಿ, ಚನ್ನಬಸಪ್ಪಜ್ಜನಿಗೆ ಬೇರೆಯೇ ಫಿಕರ್ ಇತ್ತು. ಮುಂದೆ ಹುಲಿಗಳಿದ್ದ, ಕಳ್ಳರಿದ್ದ ನಲ್ಲಮಲದ ಕಾಡು ದಾಟಬೇಕು. ನಮ್ಮಂಥ ಬೆರಳೆಣಿಕೆಯ ಮಂದಿಗೆ ಅದು ಆಗದ ಮಾತು. ಚಿಂಚೋಳಿಯಿಂದ ಬರುವ ದೊಡ್ಡ ತಂಡದಲ್ಲಿ ಬಂದೂಕಿನವರಿರುತ್ತಿದ್ದರು. ಕುರಕುಂಟಾದಲ್ಲಿ ಅವರನ್ನು ಕೂಡಿಕೊಳ್ಳಬೇಕು; ಅವರು ಅಲ್ಲಿಂದ ಹೊರಡುವ ಸಂಜೆಯೊಳಗೆ ಮುಟ್ಟಲಿಲ್ಲವೋ, ಎಲ್ಲರೂ ವಾಪಸ್ ದಂಡೋತಿಗೆ. ನಾವು ಮಳಖೇಡ ಮುಟ್ಟುವಷ್ಟರಲ್ಲಿ ಕೋಟೆಯ ಮೇಲಿನ ಬಿಸಿಲೂ ಆರಿತ್ತು. ಮಧ್ಯಾಹ್ನವೇ ಮುಟ್ಟಬೇಕಿದ್ದ ಊರು ಅದು.

"ಹಿಂಗ ನಡದ್ರ ಚಿಂಚೋಳಿ ಮಂದಿ ಸಿಗಂಗಿಲ್ಲವ್ವಾ," ಎಂದ ಚನ್ನಬಸಪ್ಪಜ್ಜ, ನನ್ನನ್ನು ಬದಿಗೆ ಕರೆದು.

"ಅತ್ತಿ ಗಂಟು ನಾ ಹೊತ್ಕೋತೀನಿ ಯಜ್ಜಾ. ಆಕಿ ಹಗುರ ಆಗ್ತಾಳ."

"ಹಂಗ ಬರಂಗಿಲ್ಲ. ಕನಿಕರದಿಂದ ಒಬ್ಬರ ಗಂಟು ಇನ್ನೊಬ್ಬರು ಹೊತ್ರ ಪುಣ್ಯಾನೂ ಹೊತ್ತವರ ಪಾಲು. ಆಕಿ ಹರಕಿ ಮತ್ತ ಬಾಕಿ ಉಳೀತದ." ಅಜ್ಜ ಮೀಸೆ ತಿರುವಿ ಹೊಳೆಯ ಕಡೆ ನೋಡಿದ. "ಹಾಂ, ಜಗಳ ಆದ್ರ ಮಾತ ಬ್ಯಾರೆ."

ಅದು ಇನ್ನೊಂದು ಕಾಯಿದೆ. ದಾರಿಯಲ್ಲಿ ಜಗಳವಾಡಿದ ಇಬ್ಬರು, ರಾಜಿಯಾಗುವ ತನಕ, ಒಬ್ಬರ ಗಂಟು ಇನ್ನೊಬ್ಬರು ಹೊರಬೇಕು. ಅದು ದಂಡ, ಕನಿಕರವಲ್ಲ. ಆದ್ದರಿಂದ ಪುಣ್ಯಕ್ಕೆ ಧಕ್ಕೆ ಇಲ್ಲ. ನನಗೆ ಮೈಯೆಲ್ಲ ರೋಮಾಂಚನ! ನೀಲಮ್ಮತ್ತೆಯ ಜೊತೆ ಜಗಳ ತೆಗೆಯುವುದು ಎಷ್ಟರ ಕೆಲಸ? ಊರಲ್ಲಿದ್ದಾಗ ಆಕೆ ಬಾವಿಯ ಗಡಗಡೆಯ ಜೊತೆಗೂ ಜಗಳವಾಡುತ್ತಿದ್ದಳು.

ಬೆಳಗಾದ ಕೂಡಲೇ ಶುರು ಹಚ್ಚಿದೆ.

"ಅತ್ತಿ, ಆಮಿ ನಡದಂಗ ನಡೀತಿ ನೀ."

"ಖರೇ ಅದ ನೋಡವ್ವಾ," ಎಂದಳು ಅತ್ತೆ, ಮೆತ್ತಗೆ.

"ರಾತ್ರಿಯೆಲ್ಲಾ ಗೊರಕಿ ಹೊಡದಿ. ಯಾರಿಗೂ ನಿದ್ದಿ ಇಲ್ಲ."

"ಮಾಫ್ ಮಾಡವ್ವಾ. ದಣಿದಿದ್ದೆ."

ಎಲಾ! ಯಾತ್ರೆಗೆ ಹೊರಟವಳೆಂದು ಸಾಧುವಾಗಿಬಿಟ್ಟಿದ್ದಾಳೆ! ಆಕೆಯ ಸೀರೆ, ಹಾಡು, ಮೂಗುಬಟ್ಟು ಎಲ್ಲವನ್ನೂ ಜರೆದೆ. ಆಕೆ "ಆಗಲಿ, ಆಗಲಿ" ಎನ್ನುತ್ತ ನನ್ನ ತಲೆ ಸವರಿದಳು. ನನಗೆ ಬೆವರು. ಹೊಳೆಯ ದಂಡೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕುಳಿತರು. ಅತ್ತೆ ಮನೆಯಿಂದ ಮಾಡಿ ತಂದ ಪುಂಡಿಪಲ್ಯವನ್ನು ನನ್ನ ರೊಟ್ಟಿಯ ಮೇಲೆ ಹಾಕಿದಳು. ಒಂದು ತುತ್ತು ತಿಂದೆ. ಹುಳಿ, ಖಾರ, ಬೆಳ್ಳುಳ್ಳಿಯ ಒಗ್ಗರಣೆ. ಅಂಥ ಪಲ್ಯವನ್ನು ನಾನು ಮತ್ತೆಲ್ಲೂ ಉಂಡಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ:

"ಪಲ್ಯಾಕ ಉಪ್ಪಿಲ್ಲ."

ಸುತ್ತ ಕುಳಿತವರ ಬಾಯಿಗಳು ಅಲ್ಲಲ್ಲೇ ನಿಂತವು.

"ಏನಂದಿ?"

"ಉಪ್ಪಿಲ್ಲ ಅಂದೆ. ನಮ್ಮವ್ವ ಮಾಡಿದ್ರ ಸರಿ ಇರ್ತದ."

"ನಿಮ್ಮವ್ವ!" ಅತ್ತೆ ಎದ್ದು ನಿಂತಳು. ನೋಯುವ ಮೊಣಕಾಲು ಎಲ್ಲಿ ಹೋಗಿತ್ತೋ! "ನಿಮ್ಮವ್ವಗ ಪುಂಡಿ ಎಲಿ ಯಾವ್ದು, ಹತ್ತಿ ಎಲಿ ಯಾವ್ದು ಗೊತ್ತಿತ್ತೇನ? ನಾ ಕಲಿಸೀನಿ ಆಕಿಗಿ! ನಿಮ್ಮಪ್ಪ ಇವತ್ತಿಗೂ ಯಾರ ಕೈ ಪಲ್ಯ ಕೇಳ್ತಾನ, ಹೇಳು! ನಾಲಿಗಿ ಅದನೋ, ಚಪ್ಪಲಿ ಅಟ್ಟಿ ಅದನೋ ನಿನ್ನ ಬಾಯಾಗ!"

"ಜಗಳ ಆಯ್ತು!" ಚನ್ನಬಸಪ್ಪಜ್ಜ ಚಪ್ಪಾಳೆ ತಟ್ಟಿದ. ಆತನ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಕಂಬಿಪೂಜೆಯ ದಿನವೂ ಕಂಡಿರಲಿಲ್ಲ. "ಎಲ್ಲಾರೂ ನೋಡಿರಿಲ್ಲ? ಜಗಳ ಆಯ್ತು! ಗಂಟು ಬದಲಿ ಮಾಡ್ರಿ!"

ಅತ್ತೆಯ ಮುಖ ಒಮ್ಮೆಲೇ ಇಳಿಯಿತು. "ಬ್ಯಾಡ, ನಂದು ನಾನೇ..." ಎನ್ನುವುದರೊಳಗೆ ನಾನು ಆಕೆಯ ಗಂಟಿಗೆ ಕೈ ಹಾಕಿ ಎತ್ತಿದೆ. ಎತ್ತಿದ್ದೇನು, ನಾನೇ ಅದರ ಮೇಲೆ ಬಗ್ಗಿಬಿಟ್ಟೆ! ಬಟ್ಟೆಯ ಗಂಟು ಇಷ್ಟು ಭಾರವೇ? ಪೊದೆಯ ಮರೆಗೆ ಹೋಗಿ ಬಿಚ್ಚಿ ನೋಡಿದೆ. ಹಳೇ ಧೋತರದಲ್ಲಿ ಸುತ್ತಿದ, ರೊಟ್ಟಿ ಬುಟ್ಟಿಯಷ್ಟು ಅಗಲದ ಶಹಾಬಾದಿ ಪರಸಿಕಲ್ಲು, ನೆಲಕ್ಕೆ ಹಾಸುವಂಥದ್ದು. ನಡುವೆ "ಶರಣಪ್ಪ" ಎಂದು ಕೊರೆದಿತ್ತು. ನನ್ನ ಅಪ್ಪನ ಹೆಸರು. ಕೊರೆದವನು ಉರ್ದು ಕಲಿತವನಿರಬೇಕು, ಕನ್ನಡದ ಅಕ್ಷರಗಳು ಒಂದರ ಮೇಲೊಂದು ವಾಲಿದ್ದವು.

ಹಿಂದೆಯೇ ಅತ್ತೆ ಬಂದು ನಿಂತಿದ್ದಳು. "ಗಂಟು ಕಟ್ಟು. ಯಾರಿಗೂ ಹೇಳಬ್ಯಾಡ," ಎಂದು ಪಿಸುಗುಟ್ಟಿದಳು.

ಕಲ್ಲನ್ನು ನಾನು ಕಂಡೇಬಿಟ್ಟಿದ್ದರಿಂದ ಆಕೆ ಉಳಿದದ್ದನ್ನೂ ಹೇಳಿದಳು. ನಡೆದು ಬರುತ್ತೇನೆ ಎಂಬುದು ಅರ್ಧ ಹರಕೆ. ಪಾತಾಳಗಂಗೆಯಿಂದ ಗುಡಿಗೆ ಏರುವ ದಾರಿಯಲ್ಲಿ ತಮ್ಮನ ಹೆಸರಿನ ಕಲ್ಲು ಹಾಸುತ್ತೇನೆ, ಭಕ್ತರ ಪಾದದ ಧೂಳು ಅವನ ಹೆಸರಿನ ಮೇಲೆ ಬೀಳಲಿ ಎಂಬುದು ಇನ್ನರ್ಧ. ಈ ಅರ್ಧವನ್ನೂ ಊರಿಗೆಲ್ಲ ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ಆಕೆ ಎರಡು ಸಲವೂ ಈ ಕಲ್ಲನ್ನು ಹೊತ್ತು ಸೇಡಂ ತನಕ ಹೋಗಿ, ಹೊತ್ತೇ ಹಿಂದಿರುಗಿದ್ದಳು. ಊರವರು ನಕ್ಕಿದ್ದು ಈ ಮೊಣಕಾಲಿಗೆ!

ನನಗೆ ನಗು ಬಂತು, ಅಳುವೂ ಬಂತು. "ಅತ್ತಿ, ಅದು ಬೆಟ್ಟ. ಅಲ್ಲಿ ಕಲ್ಲಿಲ್ಲೇನ?"

"ಅವು ಮಲ್ಲಯ್ಯನ ಕಲ್ಲು. ಇದು ನಮ್ಮ ಕಲ್ಲು. ಶಹಾಬಾದಿ ಪರಸಿ ಇದ್ದಂಗ ನುಣ್ಣಗ ಇರ್ತಾವೇನ ಅವು? ಮಂದಿ ಕಾಲಿಗಿ ಚುಚ್ಚಬಾರದು." ಗಂಟಿಗೆ ಕೈ ಚಾಚಿ, "ರಾಜಿ ಆಗೂಣ, ಗೌರಾ. ನನ್ನ ಗಂಟು ನನಗ ಕೊಡು," ಎಂದಳು.

ನಾನು ಕಲ್ಲನ್ನು ಮತ್ತೆ ಧೋತರದಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡೆ.

"ಪಲ್ಯಾಕ ಉಪ್ಪಿರಲಿಲ್ಲ," ಎಂದೆ.

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ಆಕೆಯ ತುಟಿ ಅಲುಗಿತು. "ಇತ್ತು," ಎಂದಳು. ನನ್ನ ಗಂಟನ್ನು ಬಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಮುಂದಿನದ್ದನ್ನು ನೀವೇ ಊಹಿಸಿರಿ. ಒಂದು ಹರದಾರಿ ನಡೆಯುವಷ್ಟರಲ್ಲಿ ತಂಡದಲ್ಲಿ ಎಲ್ಲರಿಗಿಂತ ನಿಧಾನ ಯಾರು? ನಾನು! ಚನ್ನಬಸಪ್ಪಜ್ಜ ಗೆಜ್ಜೆಯ ಕೋಲನ್ನು ಅತ್ತೆಯ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟ. ಗಾಳಿಯ ಹಾಗೆ ನಡೆಯುವ ಗೌರಾ ಈಗ ಎಲ್ಲರಿಗಿಂತ ಮುಂದೆ, ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತ! ದಾರಿಯ ಪಕ್ಕದಲ್ಲೇ ರೈಲಿನ ಹಳಿ. ವಾಡಿಯಿಂದ ಬಂದ ರೈಲು ನಮ್ಮನ್ನು ದಾಟಿ ಹೋಯಿತು. ಕಿಟಕಿಯಲ್ಲಿದ್ದವರು ಕೈ ಬೀಸಿದರು. ನಡೆಯುವವರು ರೈಲಿನ ಕಡೆ ನೋಡಬಾರದೆಂಬುದೂ ಒಂದು ಕಾಯಿದೆ, ಕಾಲಿಗೆ ಆಸೆ ಹುಟ್ಟುತ್ತದಂತೆ. ಅಂದು ನಾನು ಆ ಕಾಯಿದೆಯನ್ನು ಚಾಚೂತಪ್ಪದೆ ಪಾಲಿಸಿದೆ, ನಾಚಿಕೆಯಿಂದ. ಬೆನ್ನ ಹಿಂದೆ ಅತ್ತೆ ಹಗುರಾಗಿ ಹಾಡು ಗುನುಗುತ್ತಿದ್ದಳು. ಆ ಹಾಡು ಕೇಳಿ ನನಗೆ ಆದ ಸಂತೋಷವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ, ಜಗಳದಲ್ಲಿದ್ದೆವಲ್ಲ!

ಸೇಡಂನಲ್ಲಿ ಬಡೇಬಿ ಎಂಬ ಮುದುಕಿ ಪ್ರತಿ ವರ್ಷ ನಡೆದು ಬಂದವರಿಗೆ ಬೆಲ್ಲದ ಶರಬತ್ತು ಕೊಡುತ್ತಿದ್ದಳು. ಎರಡು ಸಲವೂ ಅತ್ತೆ ಕುಸಿದು ಕುಳಿತದ್ದು ಆಕೆಯ ಕಟ್ಟೆಯ ಮೇಲೆಯೇ. ಮೊದಲ ಬಟ್ಟಲನ್ನು ಕೋಲಿನವಳಾದ ನನಗೆ ಕೊಟ್ಟು, ಹಿಂದೆ ನೋಡಿ ಬಡೇಬಿ ಬೆರಗಾದಳು.

"ಯಾ ಅಲ್ಲಾ! ನೀಲವ್ವಾ, ಕೋಲು ನಿನ್ನ ಕೈಯಾಗ ಇಲ್ಲ? ಬಾ, ಕಟ್ಟಿ ಮ್ಯಾಲ ಕುಂದ್ರು."

"ಕುಂದ್ರಲ್ಲ ಬಡೇಬಿ. ನಿನ್ನ ಕಟ್ಟಿ ಭಾಳ ಮೆತ್ತಗ ಅದ. ಕುಂತ್ರ ಏಳಂಗಿಲ್ಲ."

ಅತ್ತೆ ನಿಂತೇ ಶರಬತ್ತು ಕುಡಿದಳು. ನಿಂತೇ ಬಟ್ಟಲು ತೊಳೆದುಕೊಟ್ಟಳು. ಕಟ್ಟೆ ದಾಟಿ ಹತ್ತು ಹೆಜ್ಜೆ ಹೋದ ಮೇಲೆ ಬಡೇಬಿ ಹಿಂದಿನಿಂದ "ಜಾ ಬೇಟಿ, ಜಾ!" ಎಂದು ಕೂಗಿದಳು, ಆಕೆಯ ಕಂಠವೂ ಅತ್ತೆಯದಕ್ಕೆ ಕಡಿಮೆ ಇರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೇಡಂ ದಾಟಿದ್ದೆವು!

ಮರುದಿನ ಸಂಜೆ ಕುರಕುಂಟಾ ಕಣ್ಣಿಗೆ ಬಿತ್ತು. ಊರಾಚೆಯ ದಾರಿಯಲ್ಲಿ ಧೂಳು, ಚರ್ಮದ ಹಲಗೆ ಬಾರಿಸುವ ಸದ್ದು. ಚಿಂಚೋಳಿಯ ತಂಡ ಹೊರಟುಬಿಟ್ಟಿತ್ತು! ಓಡಿಹೋಗಿ ಅವರನ್ನು ನಿಲ್ಲಿಸಬೇಕು. ಆದರೆ ಕೋಲು ನನ್ನ ಕೈಯಲ್ಲಿ, ಕಲ್ಲು ನನ್ನ ತಲೆಯ ಮೇಲೆ, ನನ್ನನ್ನು ದಾಟಿ ಯಾರೂ ಹೋಗುವಂತಿಲ್ಲ. ನಾನು ಓಡಲು ನೋಡಿದೆ. ಎರಡು ಹೆಜ್ಜೆಗೇ ಕುತ್ತಿಗೆ ಕುಸಿಯಿತು. ಹಲಗೆಯ ಸದ್ದು ಸಣ್ಣಗಾಗುತ್ತಿತ್ತು. ಚನ್ನಬಸಪ್ಪಜ್ಜನ ಮುಖ ಬಿಳಿಚಿತು.

ಆಗ ನನ್ನ ಹಿಂದಿನಿಂದ ಆ ಕಂಠ ಎದ್ದಿತು.

"ಏ ಚಿಂಚೋಳಿ ಮಂದೀ! ನಿಂದ್ರೋ! ಹೇಳದೇ ಕೇಳದೇ ಎಲ್ಲಿಗಿ ಹೊಂಟೀರಿ? ನಿಮ್ಮೂರಾಗ ರೀತಿ ರಿವಾಜ್ ಕಲಿಸಿಲ್ಲೇನ? ನಿಮ್ಮ ಹಲಗಿ ಒಡದ ಗಡಗಿ ಬಡದಂಗ ಅದ! ಕೇಳಸ್ತದಿಲ್ಲೋ, ಕಿವ್ಯಾಗ ಹತ್ತಿ ಇಟ್ಟೀರೋ!"

ಕೊಯ್ದ ಜೋಳದ ಹೊಲಗಳನ್ನು ದಾಟಿ ಆ ಬೈಗುಳ ಹೋಯಿತು. ಹಲಗೆ ನಿಂತಿತು. ಇಡೀ ತಂಡ ನಿಂತು ಹಿಂದಿರುಗಿ ನೋಡಿತು. ನಾನು ಹೆಜ್ಜೆ ಹಾಕುತ್ತ ಹೋದೆ; ಹಿಂದೆ ಅತ್ತೆ ಬೈಯುತ್ತಲೇ ಬಂದಳು, ಅವರು ಮತ್ತೆ ಹೊರಡದಂತೆ. ಅವರ ಹಿರಿಯ, ಬಿಳಿಯ ರುಮಾಲಿನ ಅಜ್ಜ, ಕೈ ಮುಗಿದು ನಿಂತಿದ್ದ.

"ಏಮಮ್ಮಾ, ಇಷ್ಟ್ಯಾಕ ಸಿಟ್ಟು? ಜಗಳ ಆಯ್ತಲ್ಲ, ಇನ್ನ ಕಾಯಿದೆ ಪ್ರಕಾರ ನಿನ್ನ ಗಂಟು ನಾ ಹೊರಬೇಕಲ್ಲ?"

"ಇದು ನನ್ನದಲ್ಲ, ಆಕಿದು. ನಮ್ಮ ಜಗಳ ಮೊದಲ ಮುಗೀಬೇಕು, ಆಮ್ಯಾಲ ನಿಮ್ಮದು," ಎಂದಳು ಅತ್ತೆ, ಉಸಿರು ಬಿಡುತ್ತ. ಇಡೀ ತಂಡ ನಕ್ಕಿತು. ನಾನು ಕಲ್ಲನ್ನು ಇಳಿಸಿ ದಾರಿಯ ಧೂಳಿನಲ್ಲೇ ಕುಳಿತು ಜೋರಾಗಿ ಅತ್ತುಬಿಟ್ಟೆ, ಖುಷಿ ತಡೆಯಲಾರದೆ.

ಅಲ್ಲಿಂದ ಮುಂದೆ ದಿನವೂ ಸಂಜೆ ಚನ್ನಬಸಪ್ಪಜ್ಜ ಕೇಳುತ್ತಿದ್ದ, "ರಾಜಿ ಆದ್ರೇನು?" ನಾವಿಬ್ಬರೂ ಮುಖ ತಿರುಗಿಸಿ "ಇಲ್ಲ" ಎನ್ನುತ್ತಿದ್ದೆವು. ಆತ ಸಮಾಧಾನದಿಂದ ಮಲಗುತ್ತಿದ್ದ. ಕಾಡು ದಾಟಿದೆವು, ಹರಗೋಲಿನಲ್ಲಿ ಕೃಷ್ಣೆ ದಾಟಿದೆವು. ಏರುದಾರಿಯಲ್ಲಿ ಎರಡು ಒರಟು ಬಂಡೆಗಳ ನಡುವೆ, ಕಲ್ಲಿನ ಒಂದು ಮೂಲೆ ಆಕೆ, ಒಂದು ಮೂಲೆ ನಾನು ಹಿಡಿದು ಅದನ್ನು ಕೂರಿಸಿದೆವು. ಅತ್ತೆ ಮಣ್ಣು ಸರಿಸಿ, ಹಸ್ತದಿಂದ ಒರೆಸಿ, ನುಣುಪಾಗಿದೆಯೇ ಎಂದು ಕೆನ್ನೆ ಇಟ್ಟು ನೋಡಿದಳು. ನಮ್ಮ ಹಿಂದೆ ಬಂದ ಯಾವುದೋ ಮುದುಕ ಅದರ ಮೇಲೆ ಕಾಲಿಟ್ಟು ಮೇಲೇರಿದ. "ಬಿತ್ತು! ಧೂಳು ಬಿತ್ತು!" ಎಂದು ಅತ್ತೆ ಸಣ್ಣ ಹುಡುಗಿಯ ಹಾಗೆ ಕುಣಿದಳು.

"ಈಗಾರ ರಾಜಿ ಆಗ್ರಿ," ಎಂದ ಚನ್ನಬಸಪ್ಪಜ್ಜ.

"ಯಾಕ? ತಿರುಗಿ ಹೋಗೂ ದಾರಿ ಇನ್ನಾ ಅದಲ್ಲಾ. ಈ ಹುಡುಗಿ ಕುತ್ತಿಗಿ ನೊಂದದ," ಎಂದು ಅತ್ತೆ ನನ್ನ ಗಂಟನ್ನು ಮತ್ತೆ ಬಗಲಿಗೆ ಹಾಕಿಕೊಂಡಳು.

ಹೀಗಾಗಿ ನಾವು ರಾಜಿಯಾಗಲೇ ಇಲ್ಲ. ನಾನು ಗಂಡನ ಮನೆಗೆ ಹೋದೆ, ಮಕ್ಕಳಾದವು, ನಿಜಾಮರ ಆಳ್ವಿಕೆಯೂ ಹೋಯಿತು. ತವರಿಗೆ ಬಂದಾಗಲೆಲ್ಲ ಅತ್ತೆ ಪುಂಡಿಪಲ್ಯ ಬಡಿಸಿ "ಹೆಂಗದ?" ಎನ್ನುವಳು. "ಉಪ್ಪಿಲ್ಲ" ಎಂದು ನಾನು ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ. ಹರಕೆ ತೀರಿದರೂ ಅಪ್ಪ ಸೀನಿದಾಗ ಕೈ ಮುಗಿಯುವುದನ್ನು ಮಾತ್ರ ಆಕೆ ಬಿಡಲಿಲ್ಲ.

ಆಕೆ ಕೊನೆಯದಾಗಿ ಹಾಸಿಗೆ ಹಿಡಿದಾಗ ನಾನು ಬಳಿಯಲ್ಲಿದ್ದೆ. ಅಪ್ಪ ಕಾಲ ಬಳಿ ಕುಳಿತಿದ್ದ, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಇದ್ದಕ್ಕಿದ್ದಂತೆ ಆತ ಸೀನಿದ. ಅತ್ತೆ ಆಗ್ನೇಯ ಮೂಲೆಗೆ ತಿರುಗಲು ನೋಡಿದಳು, ಆಗಲಿಲ್ಲ. ಕೈ ಎತ್ತಲು ನೋಡಿದಳು, ಅದೂ ಆಗಲಿಲ್ಲ. ಗಾಬರಿಯಿಂದ ನನ್ನ ಕಡೆ ನೋಡಿದಳು.

"ಗೌರಾ, ಖರೇ ಹೇಳು. ಅವತ್ತ ಪಲ್ಯಾಕ ಉಪ್ಪು ಇತ್ತಿಲ್ಲೋ?"

ಇತ್ತು ಎಂದರೆ ರಾಜಿ. ರಾಜಿ ಎಂದರೆ ಗಂಟು ಮತ್ತೆ ಆಕೆಯ ತಲೆಗೆ.

"ಇರಲಿಲ್ಲ ಅತ್ತಿ," ಎಂದೆ.

ಆಕೆಯ ಮುಖ ಅರಳಿತು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ನಕ್ಕಳು. ಏನೂ ತಿಳಿಯದ ಅಪ್ಪ ನಮ್ಮಿಬ್ಬರನ್ನೂ ಮಿಕಮಿಕ ನೋಡಿ, ಮತ್ತೊಮ್ಮೆ ಸೀನಿದ.

ನಾನು ಎದ್ದು ಆಗ್ನೇಯ ಮೂಲೆಗೆ ತಿರುಗಿ ಕೈ ಮುಗಿದೆ.